ರಕ್ತಸ್ರಾವದ ಎಚ್ಚರಿಕೆಯ ಕನ್ನಡ: ಒಂದು ವಿಮರ್ಶೆ

ಕನ್ನಡದಲ್ಲಿ ವೈದ್ಯವಿಷಯಕ ಬರವಣಿಗೆ ಹೊಸದಲ್ಲ. 14ನೆಯ ಶತಮಾನದಲ್ಲಿಯೇ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ಆದರೆ ಇಂದು ಜನಸಾಮಾನ್ಯರು ಕಷ್ಟಕಾಲದಲ್ಲಿ ಎದುರಿಸುವ ವೈದ್ಯಗದ್ಯವಿರುವುದು ಗ್ರಂಥಗಳಲ್ಲಲ್ಲ, ಆಸ್ಪತ್ರೆಯ ಸಮ್ಮತಿಪತ್ರದಲ್ಲಿ ಮತ್ತು ಎಚ್ಚರಿಕೆಯ ಚೀಟಿಯಲ್ಲಿ. ಅದನ್ನು ವಿಮರ್ಶೆಯ ಕಕ್ಷೆಯಿಂದ ಹೊರಗಿಡುವುದು ಯುಕ್ತವಲ್ಲ. ಕರುಳಿನ ಬಯಾಪ್ಸಿಯ ಪ್ರಸಂಗದಲ್ಲಿ ಬಳಕೆಯಾಗುವ ಎರಡು ರೂಢಿಮಾತುಗಳನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ಎಂಡೋಸ್ಕೋಪಿನ ಮೂಲಕ ಸಣ್ಣ ಚಿಮುಟವನ್ನು ಕಳುಹಿಸಿ ಕರುಳಿನ ಒಳಪೊರೆಯಿಂದ ಕೆಲವೇ ಮಿಲಿಮೀಟರಿನಷ್ಟು ಚೂರನ್ನು ತೆಗೆಯುವುದೇ ಈ ಬಯಾಪ್ಸಿ. ಗಾಯ ಅಲ್ಪವಾದುದು, ರಕ್ತ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಆದರೆ ಪಿತ್ತಜನಕಾಂಗವು ಗಡಸಾದವರು, ಮೂತ್ರಪಿಂಡಗಳು ಸೋತವರು, ಪ್ಲೇಟ್‌ಲೆಟ್ಟುಗಳು ಬಹಳ ಕಡಮೆಯಾದವರು, ಇವರಲ್ಲಿ ಅಪಾಯ ಹೆಚ್ಚು. ಅಸ್ಥಿಮಜ್ಜೆಯ ಕಸಿಗೆ ಒಳಗಾದ ಮಕ್ಕಳಲ್ಲಿ ಸಣ್ಣ ಕರುಳಿನ ಮೊದಲ ಭಾಗದ ಗೋಡೆಯೊಳಗೇ ರಕ್ತ ಕಟ್ಟಿಕೊಂಡ ಪ್ರಸಂಗಗಳೂ ವರದಿಯಾಗಿವೆ.

ಮೊದಲನೆಯ ಮಾತು ‘ರಕ್ತ ತೆಳುವಾಗಿಸುವ ಮಾತ್ರೆ’. ಇದು ಇಂಗ್ಲಿಷಿನ ಪದಶಃ ಅನುವಾದ, ಅರ್ಥದಲ್ಲಿ ತಪ್ಪು. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳು ಪ್ಲೇಟ್‌ಲೆಟ್ಟುಗಳು ಒಂದಕ್ಕೊಂದು ಅಂಟದಂತೆ ಮಾಡುತ್ತವೆ. ವಾರ್ಫರಿನ್ ಹೆಪ್ಪುಗಟ್ಟಿಸುವ ಅಂಶಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ. ರಕ್ತ ನೀರಾಗುವುದಿಲ್ಲ. ಮೊದಲೇ ರಕ್ತಹೀನತೆಯಿಂದ ಬಳಲುವವನು ಈ ಹೆಸರನ್ನು ಕೇಳಿ ಮಾತ್ರೆಯನ್ನು ತಾನೇ ಬಿಟ್ಟರೆ ಆಶ್ಚರ್ಯವಿಲ್ಲ. ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇರುವವನಿಗೆ ಅದು ಪ್ರಾಣಾಂತಕವಾಗಬಹುದು. ಬ್ರಿಟನ್ ಮತ್ತು ಯೂರೋಪಿನ ತಜ್ಞಸಂಘಗಳು 2021ರಲ್ಲಿ ಪರಿಷ್ಕರಿಸಿದ ಸೂಚನೆಗಳು ಕೇವಲ ಬಯಾಪ್ಸಿಗಾಗಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳನ್ನು ನಿಲ್ಲಿಸಬೇಕಾಗಿಲ್ಲವೆನ್ನುತ್ತವೆ. ವಾರ್ಫರಿನ್ನನ್ನು ರಕ್ತಪರೀಕ್ಷೆಯ ಅಂಕ ಮಿತಿಮೀರದಂತೆ ನೋಡಿಕೊಂಡು ಮುಂದುವರಿಸಬೇಕೆನ್ನುತ್ತವೆ. ಆದುದರಿಂದ ‘ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ; ವೈದ್ಯರನ್ನು ಕೇಳದೆ ಬಿಡಬಾರದು’ ಎಂಬ ನೇರವಾದ ಮಾತೇ ಲೇಸು.

ಎರಡನೆಯದು ‘ರಕ್ತಸ್ರಾವವಾದರೆ ಕೂಡಲೇ ಬರತಕ್ಕದ್ದು’ ಎಂಬ ಬಗೆಯ ವಾಕ್ಯ. ಇಲ್ಲಿ ಶಬ್ದ ಶುದ್ಧವಾಗಿದೆ, ಆದರೆ ರೋಗಿ ಏನನ್ನು ನೋಡಬೇಕೆಂಬುದು ಅದರಲ್ಲಿಲ್ಲ. ಓದುವವನು ಕೆಂಪನ್ನು ನಿರೀಕ್ಷಿಸುತ್ತಾನೆ. ಕರುಳಿನ ಮೇಲ್ಭಾಗದಿಂದ ಸೋರಿದ ರಕ್ತವಾದರೋ ಕೆಳಗಿಳಿಯುವಷ್ಟರಲ್ಲಿ ಮಾರ್ಪಟ್ಟು, ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ದುರ್ವಾಸನೆಯುಳ್ಳ ಮಲವಾಗಿ ಹೊರಬರುತ್ತದೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು; ಆದರೆ ಅಂಟು, ದುರ್ವಾಸನೆ, ತಲೆಸುತ್ತುಗಳು ಸೇರಿದಾಗ ಅದನ್ನು ಮಾತ್ರೆಯ ಬಣ್ಣವೆಂದು ತಳ್ಳಿಹಾಕಲಾಗದು. ಪಾವಗಡವು ತುಮಕೂರಿನಿಂದ ಸುಮಾರು 100 ಕಿಲೋಮೀಟರು ದೂರ. ಪರೀಕ್ಷೆ ಮುಗಿಸಿ ಊರಿಗೆ ಹಿಂದಿರುಗಿದವನಲ್ಲಿ ಈ ಲಕ್ಷಣ ರಾತ್ರಿ ಕಾಣಿಸಿಕೊಂಡರೆ ಅವನಿಗೆ ವೈದ್ಯರ ಬದಲು ಇರುವುದು ಆ ಚೀಟಿಯೊಂದೇ. ಆ ತಾಲ್ಲೂಕಿನ ಅನೇಕರ ಮನೆಮಾತು ತೆಲುಗು ಎಂಬುದನ್ನೂ ಮರೆಯಲಾಗದು.

ಇಷ್ಟು ವಿವರಿಸಿದರೆ ರೋಗಿ ಹೆದರಿ ಅವಶ್ಯವಾದ ಪರೀಕ್ಷೆಯನ್ನೇ ಬಿಡಬಹುದೆಂಬ ಆಕ್ಷೇಪಣೆ ಉಂಟು. ಅದು ಕಡೆಗಣಿಸತಕ್ಕದ್ದಲ್ಲ. ಆದರೆ ಹೆಚ್ಚು ಹೆದರಿಸುವುದು ಅಸ್ಪಷ್ಟವಾದ ಮಾತೇ. ಅಪಾಯ ಅಪರೂಪವೆಂದೂ, ಗುರುತು ಇಂಥದೆಂದೂ, ಹೋಗಬೇಕಾದ ಆಸ್ಪತ್ರೆ ಇದೆಂದೂ ತಿಳಿದವನು ಧೈರ್ಯದಿಂದ ಒಪ್ಪಿಗೆ ಕೊಡಬಲ್ಲನು. ಅರ್ಥವಾಗದ ಪತ್ರಕ್ಕೆ ಹಾಕಿದ ಹೆಬ್ಬೆಟ್ಟು ಸಮ್ಮತಿಯಲ್ಲ. ಕನ್ನಡದ ಅಧ್ಯಾಪಕರು ವೈದ್ಯರೊಡನೆ ಕುಳಿತು ಇಂಥ ಒಂದು ಪುಟವನ್ನು ತಿದ್ದಿದರೆ, ಅದನ್ನು ಪಾರಿಭಾಷಿಕ ಪದಗಳ ಉದ್ದನೆಯ ಪಟ್ಟಿಗಿಂತ ಹಿರಿದಾದ ಕೆಲಸವೆಂದು ನಾವು ಎಣಿಸುತ್ತೇವೆ.