ಕಮರಿಯ ನೀಲಿಯನ್ನು ನೋಡುವ ಬಗೆ

ಜಪಾನಿನ ಮರದಚ್ಚಿನ ಚಿತ್ರಗಳತ್ತ ಹೊಸದಾಗಿ ಹೊರಟವರಿಗೆ ನನ್ನ ಸಲಹೆ ಒಂದೇ. ಹಿರೊಶಿಗೆಯ ‘ಕಾಯ್ ಪ್ರಾಂತದ ಸಾರುಹಾಶಿ’ಯಿಂದ ಶುರುಮಾಡಿ. ಹೊಕುಸಾಯಿಯ ಹೆದ್ದೆರೆ ಆಮೇಲೆ ಬರಲಿ. ಚೀಲ, ಅಂಗಿಗಳ ಮೇಲೆಲ್ಲ ಅದನ್ನು ಕಂಡು ಕಂಡು ಕಣ್ಣು ಪಳಗಿಹೋಗಿದೆ. ಸಾರುಹಾಶಿಯ ಕಮರಿಯ ಮುಂದೆ ನಾವಿನ್ನೂ ಹೊಸಬರು.

1841ರಲ್ಲಿ ಹಿರೊಶಿಗೆ ಕೋಫು ಪಟ್ಟಣದ ಹಬ್ಬಕ್ಕೆ ಪರದೆಗಳನ್ನು ಬರೆದುಕೊಡಲು ಎದೋದಿಂದ, ಅಂದರೆ ಇಂದಿನ ಟೋಕಿಯೊದಿಂದ, ಕಾಯ್ ಪ್ರಾಂತಕ್ಕೆ ಹೋದ. ಆ ದಾರಿಯಲ್ಲಿ ಕಾತ್ಸುರಾ ನದಿ ಆಳವಾಗಿ ಕೊರೆದುಕೊಂಡ ಕಮರಿಯೊಂದಿದೆ, ಅದರ ಮೇಲೊಂದು ಮರದ ಸೇತುವೆ. ಉದ್ದ ಸುಮಾರು 31 ಮೀಟರ್, ನೀರಿನಿಂದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನಡುವೆ ಕಂಬ ನಿಲ್ಲಿಸಲು ಜಾಗವಿಲ್ಲ. ಹಾಗಾಗಿ ಎರಡೂ ದಡದ ಬಂಡೆಗಳಲ್ಲಿ ತೊಲೆಗಳನ್ನು ಹುಗಿದು, ಒಂದರ ಮೇಲೊಂದನ್ನು ಇನ್ನಷ್ಟು ಮುಂದಕ್ಕೆ ಚಾಚಿ ಸೇತುವೆಯನ್ನು ಹೊರಿಸಿದ್ದಾರೆ. ಮಂಗಗಳು ಕೈಕೈ ಹಿಡಿದು ಕಮರಿ ದಾಟಿದ್ದನ್ನು ಕಂಡವರು ಇದನ್ನು ಕಟ್ಟಿದರೆಂಬ ಕಥೆ ಅಲ್ಲಿ ಇಂದಿಗೂ ಇದೆ; ಸಾರು ಎಂದರೆ ಮಂಗ, ಹಾಶಿ ಎಂದರೆ ಸೇತುವೆ.

ಇಷ್ಟು ಆಳವನ್ನು ಹಿಡಿಯಲು ಒಂದು ಹಾಳೆ ಸಾಲಲಿಲ್ಲ. ಎರಡು ಹಾಳೆಗಳನ್ನು ಒಂದರ ಕೆಳಗೊಂದು ಸೇರಿಸಿದ ನೀಳ ಚಿತ್ರವಿದು. ಕೆಳಗಿನಿಂದ ನೋಡುತ್ತ ಹೋಗಿ. ಮೊದಲು ನೀರು, ಆಮೇಲೆ ಎರಡೂ ಕಡೆ ಒತ್ತಿಕೊಂಡು ಬರುವ ಬಂಡೆಗಳು, ತೀರ ಮೇಲೆ ಸೇತುವೆ. ಚಂದ್ರ ಎಲ್ಲಿದ್ದಾನೆ ಗಮನಿಸಿ. ಸೇತುವೆಯ ಮೇಲಲ್ಲ, ಅದರ ಅಡಿಯಲ್ಲಿ! ಸೇತುವೆಯ ಕೆಳಗೆ ಚಂದ್ರ ಕಾಣಬೇಕಾದರೆ ನೋಡುವವರು ಕಮರಿಯೊಳಗೇ ಇಳಿದು ನಿಂತಿರಬೇಕು. ನಮ್ಮನ್ನು ಎಲ್ಲಿ ನಿಲ್ಲಿಸಿದ್ದಾನೆಂದು ಹಿರೊಶಿಗೆ ಬಾಯಿಬಿಟ್ಟು ಹೇಳುವುದಿಲ್ಲ. ಚಂದ್ರನನ್ನು ಇಟ್ಟ ಜಾಗದಿಂದಲೇ ಅದು ತಿಳಿಯುತ್ತದೆ. ಆ ಚಂದ್ರನಿಗೆ ಬಣ್ಣವೂ ಇಲ್ಲ, ಅದು ಕಾಗದದ ಬರಿಯ ಬಿಳುಪು.

ಇನ್ನು ನೀಲಿ. ಈ ಕಲೆಯ ಜೀವ ಅಡಗಿರುವುದು ಇಲ್ಲೇ ಎನ್ನುವುದು ನನ್ನ ನಂಬಿಕೆ. ಬರ್ಲಿನ್‌ನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ 1830ರ ಹೊತ್ತಿಗೆ ಎದೋದ ಅಚ್ಚಿನ ಮನೆಗಳಿಗೆ ಧಾರಾಳವಾಗಿ ಸಿಗತೊಡಗಿತು. ಅದಕ್ಕೂ ಮೊದಲು ಬಳಸುತ್ತಿದ್ದ ಹೂವಿನ ನೀಲಿ ಬೆಳಕಿಗೆ ಬೇಗ ಮಾಸುತ್ತಿತ್ತು. ಹೊಸ ನೀಲಿ ಗಟ್ಟಿಯಾದದ್ದು, ದಟ್ಟವಾಗಿಯೂ ತೆಳುವಾಗಿಯೂ ಹೇಳಿದಂತೆ ಕೇಳುವಂಥದ್ದು. ಆಳ, ದೂರ, ಇಳಿಹೊತ್ತು ಎಲ್ಲವನ್ನೂ ಈ ಒಂದೇ ಬಣ್ಣದಲ್ಲಿ ತೋರಿಸಲು ಸಾಧ್ಯವಾಯಿತು.

ಹೇಗೆ ಎನ್ನುತ್ತೀರಾ? ಚಿತ್ರಕಾರನ ರೇಖಾಚಿತ್ರವನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಕೆತ್ತುವವನು ಕಾಗದದ ಸಮೇತ ಕೆತ್ತಿಬಿಡುತ್ತಾನೆ. ಆದ್ದರಿಂದ ‘ಮೂಲ ಚಿತ್ರ’ ಎಂಬುದು ಉಳಿಯುವುದೇ ಇಲ್ಲ. ಗೆರೆಗೊಂದು ಹಲಗೆ, ಬಣ್ಣಗಳಿಗೆ ಬೇರೆ ಬೇರೆ ಹಲಗೆ. ಮುಂದಿನದು ಒತ್ತುವವನ ಕೆಲಸ. ನದಿಯ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾನೆ, ಕುಂಚದ ಒಂದು ಮಗ್ಗುಲಿಗೆ ಮಾತ್ರ ಬಣ್ಣ ಹಚ್ಚಿ ಹಲಗೆಯ ಮೇಲೆ ಎಳೆಯುತ್ತಾನೆ. ಒಂದು ಕಡೆ ದಟ್ಟವಾಗಿದ್ದ ನೀಲಿ ಮತ್ತೊಂದು ಕಡೆಗೆ ಬರುತ್ತ ನೀರಿನಲ್ಲಿ ಕರಗುತ್ತದೆ. ಮೇಲೆ ತೇವದ ಕಾಗದವಿಟ್ಟು, ಬಿದಿರಿನ ಹಾಳೆ ಸುತ್ತಿದ ಬಾರೆನ್ ಎಂಬ ದುಂಡನೆಯ ಸಾಧನದಿಂದ ಉಜ್ಜುತ್ತಾನೆ. ಬಣ್ಣವನ್ನು ಹೀಗೆ ಕರಗಿಸುವ ಕ್ರಮಕ್ಕೆ ಬೋಕಾಶಿ ಎಂದು ಹೆಸರು. ಹಲಗೆಯಲ್ಲಿ ಅದಕ್ಕಾಗಿ ಕೆತ್ತಿದ ಗುರುತೇನೂ ಇರುವುದಿಲ್ಲ, ಪ್ರತಿ ಹಾಳೆಗೂ ಕೈಯೇ ಹೊಸದಾಗಿ ಅಳೆಯಬೇಕು.

ಹಾಳೆಯ ಮೇಲೆ ಹಿರೊಶಿಗೆಯ ಸಹಿ ಇರುತ್ತದೆ. ಒತ್ತಿದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕಮರಿಯ ಆಳ ಆ ಹೆಸರಿಲ್ಲದವನ ಒದ್ದೆ ಬಟ್ಟೆ, ಕುಂಚಗಳಿಂದ ಬಂದದ್ದು. ಇದನ್ನು ಮರೆತು ನೋಡಿದರೆ ಅರ್ಧ ಚಿತ್ರವನ್ನಷ್ಟೇ ನೋಡಿದಂತೆ.

ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಒಳ್ಳೆಯದು. ಒಳ್ಳೆಯ ಪ್ರತಿಯಲ್ಲಿ ಗೆರೆಗಳು ತುಂಡಾಗಿರುವುದಿಲ್ಲ, ನೀಲಿ ಎಲ್ಲಿ ಮುಗಿಯಿತೆಂದು ಬೆರಳಿಟ್ಟು ತೋರಿಸಲಾಗದು. ಹಲಗೆ ಸವೆದ ಮೇಲೆ ಒತ್ತಿದ ಪ್ರತಿಗಳಲ್ಲಿ ಬಂಡೆಯ ಅಂಚು ಅಲ್ಲಲ್ಲಿ ಹರಿದಿರುತ್ತದೆ. ಅವಸರದಲ್ಲಿ ಒತ್ತಿದವುಗಳಲ್ಲಿ ಬೋಕಾಶಿ ಪಟ್ಟಿ ಎಳೆದಂತೆ ನಿಂತುಬಿಡುತ್ತದೆ, ಕೆಲವೊಮ್ಮೆ ಅದನ್ನು ಬಿಟ್ಟೇಬಿಟ್ಟಿರುತ್ತಾರೆ. ಬಣ್ಣದ ಹರವಿನಲ್ಲಿ ಮರದ ನಾರಿನ ಗೆರೆಗಳು ಕಂಡರೆ ಅದನ್ನು ದೋಷವೆನ್ನಬೇಡಿ, ಬೇಕೆಂದೇ ಅದನ್ನು ಮೂಡಿಸುವುದುಂಟು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಬಾಸ್ಟನ್ ಮತ್ತು ಶಿಕಾಗೊದ ಕಲಾ ಸಂಗ್ರಹಾಲಯಗಳು ಹಿರೊಶಿಗೆಯ ಅನೇಕ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿವೆ, ಕಾಸು ಖರ್ಚಿಲ್ಲ. ಯಾವುದಾದರೂ ನದಿಯ ಚಿತ್ರವನ್ನು ತೆರೆದು ದೊಡ್ಡದು ಮಾಡಿ. ಬೆಟ್ಟ, ಮರ, ಜನರನ್ನು ಆಮೇಲೆ ನೋಡಿದರಾಯಿತು. ಮೊದಲು ನೀರಿನ ಅಂಚಿಗೆ ಹೋಗಿ, ನೀಲಿ ಎಲ್ಲಿ ತೆಳುವಾಗತೊಡಗುತ್ತದೆಂದು ಹುಡುಕಿ.