ರಸೀದಿ ತಂದರೆ ಕೊಡೋಣ

“ಜನ ಮನೆ ಮಠ ಕಳ್ಕಂಡು ಕೂತವ್ರೆ, ಇವ್ರಿಗೆ ಲಾಡ್ಜು ಬೇಕಂತೆ!” ಮಂಡ್ಯದ ಟೀ ಅಂಗಡಿಯಲ್ಲಿ ಈ ಮಾತು ಬಿದ್ದರೆ ಎದುರಾಡುವವರು ಕಡಿಮೆ. ನೆರೆಗೋ ಭೂಕುಸಿತಕ್ಕೋ ಹೋದ ಅಗ್ನಿಶಾಮಕ ಸಿಬ್ಬಂದಿ, ಪವರ್‌ಮನ್, ಗೃಹರಕ್ಷಕರು ಶಾಲೆ ಜಗಲಿಯಲ್ಲಿ ಮಲಗಬೇಕು, ಕೊಟ್ಟ ಚಿತ್ರಾನ್ನ ತಿನ್ನಬೇಕು, ಸೇವೆ ಅಂದರೆ ಅದೇ ಎಂಬುದು ಊರಿನ ನಂಬಿಕೆ. ಕಚೇರಿಯ ನಂಬಿಕೆ ಇದಕ್ಕಿಂತ ನಯವಾದದ್ದು: “ರಸೀದಿ ತರಲಿ, ಟಿಎ ಬಿಲ್‌ನಲ್ಲಿ ಸೇರಿಸಿ ಕೊಡೋಣ.” ಮೊದಲನೆಯದನ್ನು ನಾನು ಒಪ್ಪುವುದಿಲ್ಲ, ಎರಡನೆಯದನ್ನಂತೂ ಸುತರಾಂ ಒಪ್ಪುವುದಿಲ್ಲ.

ನಮ್ಮ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್ ವ್ಯಾಪ್ತಿಯಲ್ಲಿ ಮಂಡ್ಯವೂ ಇದೆ, ಕೊಡಗೂ ಇದೆ. ಮಳೆಗಾಲದಲ್ಲಿ ಕೊಡಗಿನ ಕಂಬಗಳು ಉರುಳಿದರೆ ಬಯಲುಸೀಮೆಯ ಲೈನಿನವರು ಘಟ್ಟ ಹತ್ತಬೇಕಾಗುತ್ತದೆ. ನಾಲೆ ಬಯಲಿನಲ್ಲಿ ಕೆಲಸ ಕಲಿತವನಿಗೆ ಆ ಮಳೆ, ಆ ಇಳಿಜಾರು ಎರಡೂ ಹೊಸದು. ಇಡೀ ದಿನ ನೆನೆದು, ರಾತ್ರಿ ಎರಡು ಬೆಂಚು ಜೋಡಿಸಿ ಮಲಗಿ, ಒಣಗದ ಶೂಗೇ ಮತ್ತೆ ಕಾಲು ತೂರಿಸಿ ಕಂಬ ಹತ್ತುವವನ ಕೈಯಲ್ಲಿರುವುದು ವಿದ್ಯುತ್ ತಂತಿ. ಲೈನ್ ಆಫ್ ಆಗಿದೆಯೇ ಎಂದು ಇನ್ನೊಮ್ಮೆ ಕೇಳುವುದನ್ನು ಅರೆನಿದ್ದೆಯ ತಲೆ ಮರೆತರೆ ಮುಗಿಯಿತು. ಅವನಿಗೆ ಹಾಸಿಗೆ, ಬಿಸಿನೀರು, ಬಟ್ಟೆ ಒಣಗಿಸಲು ಜಾಗ ಕೊಡುವುದು ಸುರಕ್ಷತಾ ಬೆಲ್ಟ್ ಕೊಟ್ಟಷ್ಟೇ ಅಗತ್ಯ.

ಎನ್‌ಡಿಆರ್‌ಎಫ್‌ನವರು ಟೆಂಟಿನಲ್ಲೇ ಇರುತ್ತಾರಲ್ಲ ಎನ್ನುವವರಿದ್ದಾರೆ. ಇರುತ್ತಾರೆ, ನಿಜ. ಅವರು ತಮಗೆ ಬೇಕಾದ ಸಾಮಾನನ್ನು ತಾವೇ ಹೊತ್ತು ಬರುವಂತೆ ಕಟ್ಟಿದ ಪಡೆ. ಮದ್ದೂರಿನ ಅಗ್ನಿಶಾಮಕ ಠಾಣೆಯ ವಾಹನದಲ್ಲಿರುವುದು ಹಗ್ಗ, ಪೈಪು, ಏಣಿ.

ಈಗ ಕಚೇರಿಯ ಔದಾರ್ಯಕ್ಕೆ ಬರೋಣ. ಮರುಪಾವತಿ ಅಂದರೆ ಏನು? ಕೆಳಗಿನ ದರ್ಜೆಯ ನೌಕರನಿಂದ ಸರ್ಕಾರ ಪಡೆಯುವ ಬಡ್ಡಿಯಿಲ್ಲದ ಕೈಸಾಲ. ತಿಂಗಳ ಕೊನೆಯಲ್ಲಿ ಜೇಬಿನಿಂದ ಬಾಡಿಗೆ ಕಟ್ಟಿ, ರಸೀದಿಯನ್ನು ಮಳೆಯಲ್ಲಿ ನೆನೆಯದಂತೆ ಕಾಪಾಡಿ, ಊರಿಗೆ ಬಂದ ಮೇಲೆ ಹೋದ ಗಂಟೆ, ಬಂದ ಗಂಟೆ ಬರೆದು, ಸಾಹೇಬರ ಸಹಿ ಹಾಕಿಸಿ ಕಾಯಬೇಕು. ಸಣ್ಣ ಲಾಡ್ಜಿನವನು ಕೊಡುವುದು ರಬ್ಬರ್ ಸ್ಟ್ಯಾಂಪ್ ಒತ್ತಿದ ಕೈಬರಹದ ಚೀಟಿ. ಅದರಲ್ಲಿ ಜಿಎಸ್‌ಟಿ ಸಂಖ್ಯೆ ಎಲ್ಲಿ ಎಂದರೆ ಎಲ್ಲಿಂದ ತರುವುದು? ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟದವರು ಸಾಮಾನ್ಯವಾಗಿ ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ. ಗೃಹರಕ್ಷಕನ ಪಾಡು ಇನ್ನೂ ಕಷ್ಟ: ಅವನಿಗೆ ಸಂಬಳವೇ ಇಲ್ಲ, ಕರೆದ ದಿನಕ್ಕಷ್ಟೇ ಭತ್ಯೆ. ರೂಮು ಹಿಡಿದು ಆಮೇಲೆ ಬಿಲ್ ಕೊಡು ಎಂದರೆ ಅವನು ಬಸ್ ನಿಲ್ದಾಣದಲ್ಲೇ ಮಲಗುತ್ತಾನೆ. ಹೀಗೆ ಸೌಲಭ್ಯ ಕಾಗದದಲ್ಲಿ ಉಳಿಯುತ್ತದೆ, ಖರ್ಚು ಉಳಿದ ಲೆಕ್ಕ ಮೇಲಕ್ಕೆ ಹೋಗುತ್ತದೆ.

ಸುಳ್ಳು ಬಿಲ್ ಮಾಡುವವರಿಲ್ಲವೇ? ಧಾರಾಳವಾಗಿ ಇದ್ದಾರೆ. ಆದರೆ ಅದು ರಸೀದಿ ಪದ್ಧತಿಯ ವಿರುದ್ಧದ ವಾದವೇ ಹೊರತು ಕೊಠಡಿಯ ವಿರುದ್ಧದ್ದಲ್ಲ. ನೌಕರನ ಕೈಗೆ ಲಾಡ್ಜಿನ ಲೆಕ್ಕ ಬಾರದಿದ್ದರೆ ಅವನು ಸುಳ್ಳು ಬರೆಯುವುದಾದರೂ ಎಲ್ಲಿ?

ದಾರಿ ಕಾನೂನಿನಲ್ಲೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೇ ಕಲಂ ಪ್ರಕಾರ, ರಕ್ಷಣಾ ಕಾರ್ಯಕ್ಕೆ ಬೇಕಾದ ಕಟ್ಟಡ, ವಾಹನಗಳನ್ನು ಜಿಲ್ಲಾ ಪ್ರಾಧಿಕಾರ ವಶಕ್ಕೆ ಪಡೆಯಬಹುದು. ಮಾಲೀಕನಿಗೆ ಪರಿಹಾರ ಕೊಡಬೇಕೆಂದು 66ನೇ ಕಲಂ ಹೇಳುತ್ತದೆ. ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಯೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದಾಗ ಕೊಡಗಿನಲ್ಲಿ ಪ್ರವಾಸಿಗರ ವಾಸ್ತವ್ಯಕ್ಕೆ ಜಿಲ್ಲಾಡಳಿತವೇ ತಡೆ ಹಾಕಿತ್ತು. ಪ್ರವಾಸಿಗರಿಗೆ ಬಾಗಿಲು ಹಾಕಿದ ಕೊಠಡಿಗಳನ್ನು ದುಡಿಯಲು ಬಂದವರಿಗೆ ತೆರೆಸುವುದಕ್ಕೆ ಹೊಸ ಕಾನೂನೇನೂ ಬೇಕಿರಲಿಲ್ಲ. ಕೋವಿಡ್ ಕಾಲದಲ್ಲಿ ಕ್ವಾರಂಟೈನಿಗೆಂದು ಹೋಟೆಲು, ಹಾಸ್ಟೆಲುಗಳನ್ನು ಆಡಳಿತ ಪಡೆದದ್ದನ್ನು ನಾವೇ ನೋಡಿದ್ದೇವೆ. ಇನ್ನು ಖರ್ಚು ಯಾರದು ಎಂಬ ಪ್ರಶ್ನೆ. ಅಮೆರಿಕದ ರಾಜ್ಯಗಳ ನಡುವೆ 1996ರಲ್ಲಿ ಅಲ್ಲಿನ ಸಂಸತ್ತು ಅನುಮೋದಿಸಿದ ತುರ್ತು ನೆರವಿನ ಒಪ್ಪಂದವಿದೆ. ಅದರಲ್ಲಿ ಖರ್ಚು ನೆರವು ಕೇಳಿದ ರಾಜ್ಯದ್ದು. ಕರೆದವರೇ ನೋಡಿಕೊಳ್ಳಬೇಕು, ಅಷ್ಟೇ ತತ್ತ್ವ. ನಮ್ಮೂರ ಮದುವೆ ಮನೆಯಲ್ಲೂ ನಡೆಯುವುದು ಇದೇ.

ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಪರಿಹಾರ ಕಾರ್ಯದಲ್ಲಿದ್ದು ಸತ್ತವನ ಕುಟುಂಬಕ್ಕೂ 4 ಲಕ್ಷ ರೂಪಾಯಿ ಉಂಟು. ಸತ್ತಾಗ ಲೆಕ್ಕಕ್ಕೆ ಬರುವವನು ಬದುಕಿದ್ದಾಗ ಜಗಲಿಗೆ ಸಾಕು ಅನ್ನುವುದು ಎಂಥ ನ್ಯಾಯವೋ!

ಮಂಡ್ಯ ಬರೀ ಸಿಬ್ಬಂದಿ ಕಳಿಸುವ ಜಿಲ್ಲೆಯೂ ಅಲ್ಲ, ಹೊರಗಿನ ತಂಡಗಳನ್ನು ಕರೆಸಬೇಕಾದ ಸಂದರ್ಭ ಇಲ್ಲೂ ಬರಬಹುದು. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. 2022ರ ಆಗಸ್ಟ್ ಕೊನೆಯ ಮಳೆಗೆ ಮದ್ದೂರು ಕಡೆಯೂ ನೀರು ನುಗ್ಗಿತು. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮಳವಳ್ಳಿ ತಾಲ್ಲೂಕಿನ ಹೊಳೆದಂಡೆ, ಶಿವನಸಮುದ್ರದ ಕಡೆ ಕಾವಲು ಬೇಕು. ಆದ್ದರಿಂದ ಜಿಲ್ಲಾಡಳಿತಕ್ಕೆ ಒಂದು ಬೇಡಿಕೆ: ಮುಂಗಾರಿಗೆ ಮೊದಲೇ ಮಂಡ್ಯ, ಮದ್ದೂರು, ಮಳವಳ್ಳಿಯ ಲಾಡ್ಜು, ಕಲ್ಯಾಣ ಮಂಟಪ, ಹಾಸ್ಟೆಲುಗಳ ಪಟ್ಟಿ ಮಾಡಿ ದರ ಗೊತ್ತುಪಡಿಸಿ. ಹೊರಗಿನಿಂದ ಬಂದ ತಂಡಕ್ಕೆ ತಹಶೀಲ್ದಾರರ ಕಚೇರಿಯಿಂದಲೇ ಬೀಗದ ಕೈ ಸಿಗಲಿ, ಬಾಡಿಗೆ ನೇರ ಮಾಲೀಕನ ಖಾತೆಗೆ ಹೋಗಲಿ. ನಮ್ಮವರನ್ನು ಕಳಿಸುವಾಗಲೂ ಆದೇಶದಲ್ಲಿ ವರದಿ ಮಾಡಿಕೊಳ್ಳಬೇಕಾದ ಅಧಿಕಾರಿಯ ಹೆಸರಿನ ಜೊತೆಗೆ ಮಲಗುವ ಜಾಗದ ವಿಳಾಸವನ್ನೂ ಬರೆಯಿರಿ.