ಅಕ್ಕಿಯ ಲೆಕ್ಕ, ಊದಲಿನ ಊಟ

ಜಪಾನಿನ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಗದ್ದೆಯ ಬದುವಿನ ಮೇಲೆ ನಿಂತೇ ಬರೆದರು. ಭತ್ತ ಬೆಳೆಯುವ ರೈತ, ಅವನಿಂದ ಕಂದಾಯ ಎತ್ತುವ ದೊರೆ, ಆ ಅಕ್ಕಿಯನ್ನೇ ಸಂಬಳವಾಗಿ ಪಡೆಯುವ ಸಮುರಾಯ್. ಈ ಮೂವರು ಸಿಕ್ಕರೆ ಕಥೆಗೆ ಬೇಕಾದದ್ದೆಲ್ಲ ಸಿಕ್ಕಿತು. ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ ತಮ್ಮ ಕೊನೆಗಾಲದಲ್ಲಿ ಜಪಾನಿಯರ ಮೂಲವನ್ನೇ ಭತ್ತದೊಂದಿಗೆ ಕಡಲು ದಾಟಿ ಬಂದವರಲ್ಲಿ ಹುಡುಕಿದರು. ಈ ಪರಂಪರೆಗೆ ಆಧಾರವಿಲ್ಲ ಎನ್ನುವಂತಿಲ್ಲ. ಆಧಾರ ರಾಶಿರಾಶಿಯಾಗಿದೆ, ತೊಡಕೂ ಅಲ್ಲೇ ಇದೆ. ಅದರ ದೊಡ್ಡ ಪಾಲು ಕಂದಾಯದ ಕಡತ.

ಆ ಕಡತದ ಭಾಷೆ ಕೊಕು. ಒಂದು ಕೊಕು ಎಂದರೆ ಸುಮಾರು 180 ಲೀಟರ್, ತೂಕದಲ್ಲಿ 150 ಕಿಲೋ ಅಕ್ಕಿ. ಒಬ್ಬ ಮನುಷ್ಯನಿಗೆ ಒಂದು ವರ್ಷಕ್ಕೆ ಸಾಕು ಎಂಬ ಅಂದಾಜು. 1582ರಿಂದ ಸೇನಾನಾಯಕ ತೊಯೊತೊಮಿ ಹಿದೆಯೊಶಿ ನಡೆಸಿದ ಭೂಮಾಪನದಲ್ಲಿ ಗದ್ದೆಗಳಿಗೆ ದರ್ಜೆ ಕಟ್ಟಿ ಇಂತಿಷ್ಟು ಕೊಕು ಎಂದು ಬರೆಸಲಾಯಿತು. ವಿಚಿತ್ರವೆಂದರೆ ಒಣಹೊಲಕ್ಕೂ ಮನೆಯ ನಿವೇಶನಕ್ಕೂ ಅಕ್ಕಿಯಲ್ಲೇ ಬೆಲೆ ಕಟ್ಟಿದರು. ಒಂದು ಕಾಳು ಭತ್ತ ಕಾಣದ ನೆಲವೂ ಲೆಕ್ಕದಲ್ಲಿ ಅಕ್ಕಿ ಬೆಳೆಯಿತು. ಮುಂದೆ ತೊಕುಗವಾ ಮನೆತನದ ಶೋಗನ್‌ಗಳು, ಅಂದರೆ ಸೇನಾ ಆಡಳಿತಗಾರರು, ಆಳಿದ ಕಾಲದಲ್ಲಿ 10 ಸಾವಿರ ಕೊಕು ಇದ್ದವನು ದೈಮ್ಯೊ, ಅಂದರೆ ಸಂಸ್ಥಾನದ ದೊರೆ, ಎನಿಸಿಕೊಂಡ. ಕಾಗಾ ಸಂಸ್ಥಾನದ ಮಾಯೆದಾ ಮನೆತನ 10 ಲಕ್ಷ ಕೊಕು ದಾಟಿ ದೈಮ್ಯೊಗಳಲ್ಲಿ ಎಲ್ಲರಿಗಿಂತ ಮೇಲೆ ಕೂತಿತು. ಯುದ್ಧಕ್ಕೆ ಎಷ್ಟು ಆಳು ಕಳಿಸಬೇಕು ಎಂಬುದನ್ನೂ ಕೊಕು ಹೇಳುತ್ತಿತ್ತು. ಉತ್ತರದ ಮಾತ್ಸುಮಾಯೆ ಸಂಸ್ಥಾನದಲ್ಲಿ ಭತ್ತದ ಬೇಸಾಯವೇ ಇರಲಿಲ್ಲ. ಅಲ್ಲಿನ ಮೂಲನಿವಾಸಿ ಐನು ಜನರೊಂದಿಗಿನ ವ್ಯಾಪಾರ ಮತ್ತು ಮೀನೇ ಅದರ ಆದಾಯ. ಆದರೂ 18ನೇ ಶತಮಾನದಲ್ಲಿ ಅದಕ್ಕೆ 10 ಸಾವಿರ ಕೊಕುವಿನ ದರ್ಜೆ ಸಿಕ್ಕಿತು.

ಇದೆಲ್ಲ ಅನಾದಿಯಿಂದ ಬಂದ ಪದ್ಧತಿ ಎಂದು ತೋರುವುದು ಸಹಜ. ಹಾಗಿಲ್ಲ. 13ನೇ ಶತಮಾನದ ಕೊನೆಯ ಹೊತ್ತಿಗೆ ಚೀನಾದಿಂದ ಬಂದ ತಾಮ್ರದ ನಾಣ್ಯಗಳು ಜಪಾನಿನ ಹಳ್ಳಿಗಳನ್ನು ಹೊಕ್ಕಿದ್ದವು, ಜಹಗೀರುಗಳ ಕಂದಾಯ ನಗದಾಗುತ್ತಿತ್ತು. ಮುಂದೆ ಜಮೀನಿನ ಮೌಲ್ಯವನ್ನೂ ನಾಣ್ಯದಲ್ಲಿ ಎಣಿಸಿದರು. 16ನೇ ಶತಮಾನದಲ್ಲಿ ಒಳ್ಳೆಯ ನಾಣ್ಯದ ಆಮದು ತಗ್ಗಿದಾಗ ವ್ಯವಹಾರ ಮತ್ತೆ ಅಕ್ಕಿಯ ಕಡೆ ಹೊರಳಿತು. ಎಂದರೆ ಕೊಕು ಪದ್ಧತಿ ಹಣದ ಆಮೇಲೆ ಬಂದದ್ದು. ಅಕ್ಕಿಯನ್ನು ಹಳೆಯ ಕಾಲದ ಸರಳ ವಿನಿಮಯದ ಗುರುತೆಂದು ಓದುವವರು ಕಾಲಕ್ರಮವನ್ನೇ ತಿರುವುಮುರುವು ಮಾಡುತ್ತಾರೆ.

ಸಂಬಳವಾಗಿ ಬಂದ ಅಕ್ಕಿಯನ್ನೆಲ್ಲ ಸಮುರಾಯ್ ಉಣ್ಣಲಾರ. ಎಣ್ಣೆ, ಬಟ್ಟೆ, ಕಾಗದಕ್ಕೆ ಹಣ ಬೇಕು. ಎದೊ (ಇಂದಿನ ಟೋಕಿಯೊ) ನಗರದ ಅಸಕುಸಾದಲ್ಲಿ ಸರ್ಕಾರಿ ಉಗ್ರಾಣಗಳ ಪಕ್ಕದಲ್ಲೇ ಫುದಸಶಿ ಎಂಬ ದಲ್ಲಾಳಿಗಳು ಅಂಗಡಿ ಹೂಡಿದರು. ಸಮುರಾಯ್ ಪರವಾಗಿ ಅಕ್ಕಿ ಎತ್ತಿ ಮಾರುವುದು ಅವರ ಕೆಲಸ. ಮುಂದಿನ ಕಂತಿನ ಮೇಲೆ ಬಡ್ಡಿಗೆ ಸಾಲ ಕೊಡುವುದು ಅವರ ನಿಜವಾದ ಲಾಭ. 1789ರಲ್ಲಿ ಸರ್ಕಾರವೇ ಮಧ್ಯೆ ಬಂದು ಹಳೆಯ ಸಾಲಗಳನ್ನು ಮನ್ನಾ ಮಾಡಬೇಕಾಯಿತು.

ಒಸಾಕಾದ ದೊಜಿಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಸ್ಥಾನಗಳು ಅಲ್ಲಿನ ಉಗ್ರಾಣಗಳಲ್ಲಿ ಅಕ್ಕಿ ಇಟ್ಟು ಚೀಟಿ ಕೊಡುತ್ತಿದ್ದವು. ಚೀಟಿ ಕೈಯಿಂದ ಕೈಗೆ ಓಡಿತು, ಉಗ್ರಾಣದಲ್ಲಿ ಇನ್ನೂ ಇಲ್ಲದ ಅಕ್ಕಿಗೂ ಚೀಟಿ ಹುಟ್ಟಿತು. ಜೊತೆಗೆ ಮೂಟೆಯನ್ನೇ ಮುಟ್ಟದೆ ಬೆಲೆಯ ಅಂತರವನ್ನಷ್ಟೇ ತೀರಿಸುವ ವಾಯಿದೆ ವ್ಯಾಪಾರ ಬೆಳೆಯಿತು. ಎಂಟನೆಯ ಶೋಗನ್ ಯೊಶಿಮುನೆ 1730ರಲ್ಲಿ ಅದಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟ. ಸಟ್ಟಾದ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ಅಕ್ಕಿಯ ಬೆಲೆ ಕುಸಿದು ಸಮುರಾಯ್‌ಗಳ ಕೈ ಖಾಲಿಯಾಗಿತ್ತು, ಹೇಗಾದರೂ ಬೆಲೆ ಏರಿಸಬೇಕಿತ್ತು. ಎರಡೇ ವರ್ಷಕ್ಕೆ ಪಶ್ಚಿಮ ಜಪಾನಿನ ಗದ್ದೆಗಳಿಗೆ ಕೀಟ ಬಿದ್ದು ಬೆಲೆ ಗಗನಕ್ಕೇರಿತು. 1733ರಲ್ಲಿ ಎದೊದ ಜನ ಒಬ್ಬ ದೊಡ್ಡ ಅಕ್ಕಿ ವ್ಯಾಪಾರಿಯ ಮನೆಗೇ ನುಗ್ಗಿದರು. ಅಕ್ಕಿ ಅಗ್ಗವಾದರೆ ಆಳುವವನಿಗೆ ಕಷ್ಟ, ತುಟ್ಟಿಯಾದರೆ ಪೇಟೆಯವನಿಗೆ ಹಸಿವು.

ಬೆಳೆದವರು ಏನು ಉಂಡರು? ಬೆಟ್ಟದ ಸೀಮೆಗಳಲ್ಲಿ ಊದಲು, ನವಣೆ, ಜವೆಗೋಧಿ, ಮೂಲಂಗಿ. ಅಕ್ಕಿ ಬೆರೆತರೆ ಅದೃಷ್ಟ. ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ಉಂಡ ಎದೊದ ಜನರಿಗೆ ಬೆರಿಬೆರಿ ಅಂಟಿತು. ಊರಿಗೆ ಮರಳಿದರೆ ವಾಸಿಯಾಗುತ್ತಿದ್ದ ಅದನ್ನು ಎದೊ ರೋಗವೆಂದೇ ಕರೆದರು.

ಕಡತಕ್ಕೂ ಬದುಕಿಗೂ ನಡುವಿನ ಈ ಬಿರುಕನ್ನು ದೊಡ್ಡದು ಮಾಡಿದವರು ಇತಿಹಾಸಕಾರ ಅಮಿನೊ ಯೊಶಿಹಿಕೊ (1928–2004). ನೊತೊ ಪರ್ಯಾಯ ದ್ವೀಪದ ತೊಕಿಕುನಿ ಮನೆತನವನ್ನು ಎಲ್ಲರೂ ದೊಡ್ಡ ಜಮೀನುದಾರರೆಂದೇ ತಿಳಿದಿದ್ದರು. ಅಮಿನೊ ಮತ್ತು ಸಂಗಡಿಗರು ಆ ಮನೆಯ ಹಳೆಯ ಕಾಗದಗಳನ್ನು ಬಿಡಿಸಿದಾಗ ಹಡಗು, ಉಪ್ಪು, ಸೌದೆ, ಸಾಲದ ವ್ಯವಹಾರ ಹೊರಬಂತು. ಅವರ ಹಡಗು ಮಾತ್ಸುಮಾಯೆವರೆಗೂ ಹೋಗುತ್ತಿತ್ತು. ಸಂಸ್ಥಾನದ ದಫ್ತರದಲ್ಲಿ ಭೂಹೀನರೆಂದು ಬರೆಸಿಕೊಂಡಿದ್ದ ನೆರೆಯವರೊಬ್ಬರು ಇದೇ ಮನೆತನಕ್ಕೆ ಸಾಲ ಕೊಡುವಷ್ಟು ಸಿರಿವಂತ ಹಡಗು ವ್ಯಾಪಾರಿಗಳು. ಜಮೀನು ಕೊಳ್ಳುವ ಅಗತ್ಯವೇ ಅವರಿಗಿರಲಿಲ್ಲ. ಅಕ್ಕಿಯ ಕಡತ ಬಡತನವೆಂದು ಕಂಡದ್ದು ಕಡಲಿನಿಂದ ನೋಡಿದರೆ ಐಶ್ವರ್ಯ.

ಅಮಿನೊ ಅವರ ಈ ಕೊಡುಗೆ ದೊಡ್ಡದು. ಆದರೆ ಅವರ ಹಾದಿ ಹಿಡಿದವರು ಅಕ್ಕಿಯನ್ನು ಬರೀ ಸರ್ಕಾರಿ ಭ್ರಮೆಯೆಂದು ತಳ್ಳಿಹಾಕುವಾಗ ಎಡವುತ್ತಾರೆ. 1783ರ ತೆನ್ಮೆಯ್ ಬರಗಾಲವನ್ನೇ ನೋಡಬಹುದು. ಉತ್ತರದ ಹಿರೊಸಾಕಿ ಸಂಸ್ಥಾನ ಸಾಲ ತೀರಿಸಲು ತನ್ನ ಅಕ್ಕಿಯನ್ನು ಒಸಾಕಾ, ಎದೊಗಳಿಗೆ ಹಡಗೇರಿಸಿತ್ತು. ಬೇಸಿಗೆ ತಣ್ಣಗಾಗಿ ಪೈರು ಕಾಳು ಕಟ್ಟಲಿಲ್ಲ. ಸತ್ತವರು 80 ಸಾವಿರಕ್ಕೂ ಹೆಚ್ಚು. ಚಳಿ ತಡೆಯುವ ಊದಲಿನ ಸೀಮೆಗೆ ಭತ್ತವನ್ನು ದೂಡಿದ್ದು ಒಸಾಕಾದ ಮಾರುಕಟ್ಟೆ ಮತ್ತು ಅದಕ್ಕೆ ಕಟ್ಟುಬಿದ್ದ ಕಂದಾಯ. ಭ್ರಮೆ ಇಷ್ಟು ಜನರನ್ನು ಕೊಲ್ಲುವುದಿಲ್ಲ.

ಎರಡೂ ಪಂಥಗಳು ಅಕ್ಕಿ ಎಷ್ಟಿತ್ತು ಎಂದು ಜಗಳವಾಡುತ್ತವೆ. ಬೆಲೆ ಬಿದ್ದಾಗ ಹೊರೆ ಯಾರ ತಲೆಗೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಧಾನ್ಯದಲ್ಲಿ ಕಂದಾಯ ಅಳೆದುಕೊಡುವಾಗ ಬೆಲೆ ಕುಸಿತದ ಪೆಟ್ಟು ಬಹುಪಾಲು ಸಮುರಾಯ್‌ಗೆ ಬೀಳುತ್ತಿತ್ತು. 1873ರಲ್ಲಿ, ಶೋಗನ್‌ಗಳ ನಂತರ ಬಂದ ಮೇಜಿ ಸರ್ಕಾರ ಭೂಮಿಯ ಬೆಲೆಯ ಶೇಕಡಾ 3ರಷ್ಟನ್ನು ನಗದಾಗಿ ಕಟ್ಟಿ ಎಂದಿತು. ಅಲ್ಲಿಂದ ಅಕ್ಕಿ ಮಾರಿ ಹಣ ತರುವ ತಾಪತ್ರಯ ರೈತನದಾಯಿತು. 1876ರಲ್ಲಿ ಬೆಲೆ ಇಳಿದಿದ್ದಾಗ ಇಸೆ ಸೀಮೆಯ ರೈತರು ದಂಗೆ ಎದ್ದರು. ಮರುವರ್ಷ ತೆರಿಗೆ ಶೇಕಡಾ 2.5ಕ್ಕೆ ಇಳಿಯಿತು.